ಅಪ್‌ಡೇಟ್: ಮ್ಯಾಕ್‌ನಲ್ಲೂ ಈಗ ಟ್ಯಾಬ್ ಕೆಲಸ ಮಾಡುತ್ತಿದೆ

ಟ್ಯಾಬ್ ಒತ್ತಿದರೆ ಕಮಾಂಡ್ ಪೂರ್ತಿ ಮಾಡಲು ಸಲಹೆ ಕೊಡುವ ನಮ್ಮ ಆಟೋಕಂಪ್ಲೀಟ್ ಟೂಲ್ ಲಿನಕ್ಸ್‌ನ ಬ್ಯಾಷ್‌ನಲ್ಲಿ (ಟೈಪ್ ಮಾಡಿದ ಕಮಾಂಡ್ ನಡೆಸುವ ಪ್ರೋಗ್ರಾಂ, ಅಂದರೆ ಶೆಲ್) ಸರಿ ಇದೆ, ಮ್ಯಾಕ್‌ನಲ್ಲಿ ಟ್ಯಾಬ್ ಒತ್ತಿದರೆ ಎರರ್ ಬರುತ್ತದೆ ಅಂತ ಕೇಳಿದ್ದೆ. ಧಾರವಾಡದ ಗೆಳೆಯರೊಬ್ಬರು ಮೊದಲು ಬ್ಯಾಷ್ ವರ್ಷನ್ ನೋಡಿ ಅಂದರು. ಅಲ್ಲೇ ಸಿಕ್ಕಿತು.

ಮ್ಯಾಕ್ ಜೊತೆ ಬರುವ ಬ್ಯಾಷ್ ಇನ್ನೂ 3.2. ನಮ್ಮ ಟೂಲ್ ಬಳಸುತ್ತಿದ್ದ ಅಸೋಸಿಯೇಟಿವ್ ಅರೇ (ಹೆಸರು ಕೊಟ್ಟು ಮೌಲ್ಯ ಪಡೆಯುವ ಪಟ್ಟಿ), ಮ್ಯಾಪ್‌ಫೈಲ್ (ಸಾಲುಗಳನ್ನು ಓದಿ ಅರೇಗೆ ತುಂಬುವ ಕಮಾಂಡ್) ಎರಡೂ ಬಂದದ್ದು 2009ರ 4.0ರಲ್ಲಿ. ಅವನ್ನು ತೆಗೆದು, 3.2ರಲ್ಲೂ ನಡೆಯುವ ಕೇಸ್ (case), ವೈಲ್-ರೀಡ್ (while read, ಒಂದೊಂದೇ ಸಾಲು ಓದುವ ಲೂಪ್) ಹಾಕಿದೆ. ಎರರ್ ಹೋಯಿತು.

ಮ್ಯಾಕ್‌ನಲ್ಲಿರುವ ಇನ್ನೊಂದು ಶೆಲ್ ಝಡ್‌ಶೆಲ್ (zsh) ಜಾಸ್ತಿ ಕಾಡಿತು. ಅಲ್ಲಿ ಅರೇಯ (ಪಟ್ಟಿಯ) ಎಣಿಕೆ 1ರಿಂದ, ಬ್ಯಾಷ್‌ನಲ್ಲಿ 0ಯಿಂದ. ಹಾಗಾಗಿ ಸಲಹೆಗಳಲ್ಲಿ ಮೊದಲನೆಯದು ಖಾಲಿ, ಕೊನೆಯದು ನಾಪತ್ತೆ! ಫಂಕ್ಷನ್ ಒಳಗೆ ಲೋಕಲ್ ಆಪ್ಷನ್ಸ್ (ಬದಲಾವಣೆ ಆ ಫಂಕ್ಷನ್‌ಗೆ ಮಾತ್ರ ಸೀಮಿತ ಮಾಡುವ ಸೆಟ್ಟಿಂಗ್) ಜೊತೆಗೇ ಕೆಎಸ್‌ಎಚ್ ಅರೇಸ್ (ಎಣಿಕೆಯನ್ನು 0ಯಿಂದ ಶುರು ಮಾಡಿಸುವ ಸೆಟ್ಟಿಂಗ್) ಆನ್ ಮಾಡಿದೆ. ಲೋಕಲ್ ಆಪ್ಷನ್ಸ್ ಬಿಟ್ಟರೆ ಬಳಸುವವರ ಇಡೀ ಶೆಲ್‌ನ ಎಣಿಕೆಯೇ ಬದಲಾಗುತ್ತದೆ, ದಯವಿಟ್ಟು ಮರೆಯಬೇಡಿ.

ಹುಬ್ಬಳ್ಳಿ ಆಫೀಸಿನ ಎಲ್ಲ ಮ್ಯಾಕ್‌ಗಳಲ್ಲೂ ಈಗ ನಡೆಯುತ್ತಿದೆ. ಫಿಶ್ (fish) ಅನ್ನುವ ಮತ್ತೊಂದು ಶೆಲ್ ಬಾಕಿ ಇದೆ. ಅದರ ಸಿಂಟ್ಯಾಕ್ಸೇ ಬೇರೆ, ಅದಕ್ಕೆ ಪ್ರತ್ಯೇಕ ಫೈಲ್ ಬರೆಯುತ್ತಿದ್ದೇನೆ.