ಕೋರಿ ಮೀನು ಸಾಕಿದವರು ಸ್ವಲ್ಪ ಹೇಳಿ

ಎರಡು ಅಡಿ ಟ್ಯಾಂಕ್, ಸುಮಾರು 55 ಲೀಟರ್. ಗಪ್ಪಿ ಮೀನುಗಳಿವೆ. ‘ತಳ ಕ್ಲೀನ್ ಮಾಡ್ತವೆ’ ಅಂತ ಅಂಗಡಿಯವರು ಎರಡು ಕೋರಿಡೋರಸ್ (ಕೋರಿ) ಕೊಟ್ಟರು. ಎರಡೂ ಮೂಲೆಯಲ್ಲಿ ಸುಮ್ನೆ ಕೂತಿರುತ್ತವೆ. ಒಂದರ ಮೀಸೆ ಮೊಂಡಾಗಿದೆ. ತಳಕ್ಕೆ ಬಣ್ಣದ ಕಲ್ಲು ಹಾಕಿದ್ದೇನೆ. ಏನು ಮಾಡಲಿ?

ಮೈಸೂರಿನಿಂದ

ಮೊದಲು ಆ ಕಲ್ಲು ತೆಗೆಯಿರಿ. ನಾನೂ ಅದನ್ನೇ ಹಾಕಿ ಕೆಟ್ಟೆ. ಕೋರಿ ಮರಳಿಗೆ ಮೂತಿ ತೂರಿಸಿ ಊಟ ಹುಡುಕುತ್ತದೆ. ಬಾಯಿಗೆ ಬಂದ ಮರಳನ್ನು ಕಿವಿರಿನಿಂದ ಹೊರಗೆ ಬಿಡುತ್ತದೆ. ದಪ್ಪ ಕಲ್ಲಿನಲ್ಲಿ ಇದು ಸಾಧ್ಯವೇ ಇಲ್ಲ. ಆದರೆ ಮೀಸೆ ಹಾಳಾಗಲು ಕಲ್ಲಿಗಿಂತ ಅದರ ಸಂದಿಯಲ್ಲಿ ಕೊಳೆಯುವ ಊಟವೇ ಜಾಸ್ತಿ ಕಾರಣ ಅಂತ ನನ್ನ ಅಂದಾಜು. ನುಣ್ಣನೆಯ ಮರಳನ್ನು ನೀರು ತಿಳಿಯಾಗುವವರೆಗೆ ತೊಳೆದು ಹಾಕಿ. ಮನೆ ಕಟ್ಟಿ ಉಳಿದ ಎಂ-ಸ್ಯಾಂಡ್ ಮಾತ್ರ ಬೇಡ, ಅದರ ಅಂಚು ಚೂಪು. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತಾ ಬಂದೆ. ಮೀಸೆ ಮತ್ತೆ ಬೆಳೆಯಿತು, ಪೂರ್ತಿ ಅಲ್ಲ.

ಬೆಂಗಳೂರಿನಿಂದ

ಎರಡು ಸಾಲದು. ಒಂದೇ ಜಾತಿಯವು ಆರಾದರೂ ಇರಬೇಕು, ಆಗಲೇ ಅವು ಮೂಲೆ ಬಿಟ್ಟು ಓಡಾಡುವುದು. ಹಾಗಂತ ನಾಳೆಯೇ ನಾಲ್ಕು ತರಬೇಡಿ. ಹಿಕ್ಕೆ, ಕೊಳೆತ ಊಟದಿಂದ ನೀರಿಗೆ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇವೆಯಾ ಅಂತ ಟೆಸ್ಟ್ ಕಿಟ್‌ನಲ್ಲಿ ನೋಡಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರವ ಹಾಕಿಯೇ ತುಂಬಿಸಿ.

ಇನ್ನು ಆ ಕ್ಲೀನಿಂಗ್ ಮಾತು. ಕೋರಿ ಪಾಚಿಯನ್ನೂ ತಿನ್ನುವುದಿಲ್ಲ, ಹಿಕ್ಕೆಯನ್ನೂ ತಿನ್ನುವುದಿಲ್ಲ. ಗಪ್ಪಿ ಬಿಟ್ಟ ಊಟವನ್ನೇ ನಂಬಿದರೆ ಬಡವಾಗುತ್ತದೆ. ರಾತ್ರಿ ಲೈಟ್ ಆರಿಸಿದ ಮೇಲೆ ಮುಳುಗುವ ಗುಳಿಗೆ ಹಾಕಿ. ಒಮ್ಮೊಮ್ಮೆ ಸರ್ರನೆ ಮೇಲೆ ಹೋಗಿ ಗಾಳಿ ನುಂಗಿ ಬರುತ್ತವೆ, ಹೆದರಬೇಡಿ. ಅವು ಕರುಳಿನಿಂದಲೂ ಉಸಿರಾಡುತ್ತವೆ. ನಿಮಿಷಕ್ಕೆ ನಾಲ್ಕು ಸಲ ಓಡಿದರೆ ಮಾತ್ರ ನೀರಿನಲ್ಲಿ ಏನೋ ಎಡವಟ್ಟಾಗಿದೆ.

ಮಂಗಳೂರಿನಿಂದ

ನಮ್ಮಲ್ಲಿ ಕೋರಿ ಅಂದರೆ ಕೋಳಿ. ಆರು ಕೋರಿ ತಂದೆ ಅಂದಾಗ ಮನೆಯಲ್ಲಿ ‘ರೊಟ್ಟಿ ಎಲ್ಲಿ?’ ಅಂದರು!

ಬಿಸಿಯ ವಿಷಯ ಯಾರೂ ಹೇಳಲಿಲ್ಲ ಅಲ್ವಾ? ಪೆಪ್ಪರ್ಡ್ ಕೋರಿ ಅನ್ನೋ ಜಾತಿ ತಣ್ಣನೆಯ ನೀರಿನದು, 20ರಿಂದ 24 ಡಿಗ್ರಿ ಅದಕ್ಕೆ ಹಿತ. ನನ್ನ ಟ್ಯಾಂಕ್ ಏಪ್ರಿಲ್‌ನಲ್ಲಿ 31 ಮುಟ್ಟಿತು. ಒಂದು ವಾರದಲ್ಲಿ ಮೂರು ಹೋದವು. ಈಗ ಸ್ಟರ್ಬಾಯ್ ಅನ್ನೋ ಇನ್ನೊಂದು ಜಾತಿಯ ಕೋರಿ ಸಾಕಿದ್ದೇನೆ, ಅದು 28ರವರೆಗೆ ತಾಳುತ್ತದೆ. ಬೇಸಿಗೆಯಲ್ಲಿ ನೀರಿನ ಮೇಲೆ ಚಿಕ್ಕ ಫ್ಯಾನ್ ಕೂಡ ಇಡುತ್ತೇನೆ. ಮೈಸೂರು, ಬೆಂಗಳೂರಿನವರಿಗೆ ಈ ತಲೆನೋವು ಕಡಿಮೆ.

ಮರಳು ಹಾಕಲು ಮೀನು ಎತ್ತುವಾಗ ಬಲೆ ಬೇಡ. ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ, ಕೈಗೆ ಚುಚ್ಚಿದರೆ ಚೆನ್ನಾಗಿ ಉರಿಯುತ್ತದೆ. ಮಗ್ಗಿನಲ್ಲಿ ಹಿಡಿಯಿರಿ.

ಕೇಳಿದವರಿಂದ, ಹತ್ತು ದಿನದ ನಂತರ

ಮರಳು ಹಾಕಿದೆ. ನೈಟ್ರೈಟ್ ಇನ್ನೂ ಸೊನ್ನೆಗೆ ಬಂದಿಲ್ಲ, ಹಾಗಾಗಿ ಹೊಸ ಮೀನು ತಂದಿಲ್ಲ. ದಿನ ಬಿಟ್ಟು ದಿನ ನೀರು ಬದಲಿಸುತ್ತಿದ್ದೇನೆ. ನಿನ್ನೆ ರಾತ್ರಿ ಟಾರ್ಚ್ ಹಾಕಿ ನೋಡಿದರೆ ಮೊಂಡು ಮೀಸೆಯದು ಕಣ್ಣಿನವರೆಗೂ ಮರಳಿನೊಳಗೆ!