ಸಮನ್ಸ್ ಸಿಗದೆ ನೇರ ವಾರಂಟ್: ಇಂಥ ಕೇಸ್ ನಿಲ್ಲುತ್ತಾ?

ಪ್ರಶ್ನೆ: ತಮ್ಮನ ಮೇಲೆ ಚೆಕ್ ಬೌನ್ಸ್ ಕೇಸ್ ಇದೆ. ಅವನು ಖಾಲಿ ಮಾಡಿದ ಬಾಡಿಗೆ ಮನೆಗೆ ಸಮನ್ಸ್ ಹೋಗಿ ವಾಪಸ್ ಬಂದಿದೆ. ಈಗ ಜಾಮೀನುರಹಿತ ವಾರಂಟ್ ಆಗಿದೆಯಂತೆ. ಸಮನ್ಸ್ ಮುಟ್ಟದಿದ್ದರೆ ಕೇಸೇ ಬಿದ್ದುಹೋಗುತ್ತೆ ಅಂತಾರೆ. ಗೊತ್ತಿರುವವರು ಹೇಳಿ.

ಹಾಸನದಿಂದ: ಬಿದ್ದುಹೋಗಲ್ಲ ಸರ್. ನಮ್ಮ ಭಾವನಿಗೂ ಹೀಗೇ ಆಗಿತ್ತು. ಸಮನ್ಸ್ ಮುಟ್ಟಿಲ್ಲ ಅನ್ನುವುದು ವಾರಂಟ್ ರದ್ದು ಮಾಡಿಸಲು ನೆರವಾಗುತ್ತದೆ, ದೂರು ಹಾಗೇ ಉಳಿಯುತ್ತದೆ. ಮೊದಲು ಆರ್ಡರ್ ಶೀಟ್ (ಪ್ರತಿ ದಿನಾಂಕದಲ್ಲಿ ಕೋರ್ಟ್ ಏನು ಮಾಡಿತು ಅಂತ ಬರೆದಿಡುವ ಹಾಳೆ) ನಕಲು ತೆಗೆಸಿ. ಸಮನ್ಸ್ ಯಾವ ವಿಳಾಸಕ್ಕೆ ಹೋಯಿತು, ಏನು ಷರಾ ಬಿತ್ತು ನೋಡಿ. ‘ಪಡೆಯಲು ನಿರಾಕರಿಸಿದರು’ ಎಂದು ಅಂಚೆಯವರು ಬರೆದಿದ್ದರೆ ಕಷ್ಟ. ಚೆಕ್ ಕೇಸುಗಳು ನಡೆಯುವ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 144ನೇ ಕಲಂ ಪ್ರಕಾರ ಅದನ್ನು ಜಾರಿಯಾಗಿದೆ ಅಂತಲೇ ಕೋರ್ಟ್ ಹೇಳಬಹುದು. ‘ಮನೆ ಬಿಟ್ಟಿದ್ದಾರೆ’ ಅಂತಿದ್ದರೆ ನಿಮ್ಮ ಮಾತಿಗೆ ಬಲ ಜಾಸ್ತಿ. ಹೊಸ ಮನೆಯ ಬಾಡಿಗೆ ಕರಾರು ಜೊತೆಗಿಡಿ.

ಪೊಲೀಸರು ಹುಡುಕಿಕೊಂಡು ಬರುವ ಮೊದಲೇ ನಿಮ್ಮ ತಮ್ಮನೇ ವಕೀಲರ ಜೊತೆ ಹೋಗಿ ರೀಕಾಲ್ ಅರ್ಜಿ ಹಾಕಲಿ. ವಾರಂಟ್ ಕೊಟ್ಟ ಕೋರ್ಟೇ ಅದನ್ನು ರದ್ದು ಮಾಡಬಹುದು. ದೂರಿನ ಕೇಸಿನಲ್ಲಿ ಮೊದಲು ಸಮನ್ಸ್, ತಪ್ಪಿಸಿಕೊಳ್ಳುತ್ತಿದ್ದಾರೆ ಅನಿಸಿದರೆ ಜಾಮೀನು ಸಿಗುವ ವಾರಂಟ್, ಬೇಕಂತಲೇ ಬರುತ್ತಿಲ್ಲ ಅಂತ ಖಾತ್ರಿಯಾದರೆ ಮಾತ್ರ ಜಾಮೀನುರಹಿತ ವಾರಂಟ್ ಎಂದು 2007ರ ಇಂದರ್ ಮೋಹನ್ ಗೋಸ್ವಾಮಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಭಾವನ ಅರ್ಜಿಯಲ್ಲಿ ವಕೀಲರು ಇದನ್ನೇ ಬರೆದಿದ್ದರು. ಶೂರಿಟಿ ಕೊಡುವವರನ್ನೂ ಕರೆದುಕೊಂಡು ಹೋಗಿದ್ದೆವು. ಅವತ್ತೇ ರೀಕಾಲ್ ಆಯಿತು.

ಹುಬ್ಬಳ್ಳಿಯಿಂದ: ಚೆಕ್ ಹಣ ಕೊಡಿ ಅಂತ ಕೇಸಿಗೆ ಮುಂಚೆ ಬರುವ ನೋಟಿಸ್ ಬೇರೆ, ಸಮನ್ಸ್ ಬೇರೆ. ನೋಟಿಸ್ ಬಂದಿಲ್ಲ ಅನ್ನುವವರು ಸಮನ್ಸ್ ಸಿಕ್ಕ 15 ದಿನದೊಳಗೆ ಚೆಕ್ ಹಣ ಕಟ್ಟಿ, ದೂರು ವಜಾ ಮಾಡಿ ಅಂತ ಕೇಳಬಹುದು. 2007ರ ಅಲವಿ ಹಾಜಿ ತೀರ್ಪು ಇದು. ಹಣ ನಿಜವಾಗಿ ಕೊಡಬೇಕಿದ್ದರೆ ಈ ದಾರಿ ಯೋಚಿಸಿ.

ಮೈಸೂರಿನಿಂದ: ಸುಮ್ನೆ ಕೂರಬೇಡಿ, ದಯವಿಟ್ಟು. ನಮ್ಮ ಪಕ್ಕದ ಮನೆಯವರು ಯಾರದೋ ಮಾತು ಕೇಳಿ ಹಾಗೆ ಕೂತರು. ವಾರಂಟ್ ಆದಮೇಲೆ, ತಲೆಮರೆಸಿಕೊಂಡಿದ್ದಾರೆ, ಕೋರ್ಟಿಗೆ ಹಾಜರಾಗಲಿ ಅಂತ ಘೋಷಣೆ ಆಯಿತು. ಹಾಜರಾಗಲು ಕನಿಷ್ಠ 30 ದಿನ ಕೊಟ್ಟು ಮನೆ ಬಾಗಿಲಿಗೆ ಅಂಟಿಸುತ್ತಾರೆ. ಆಸ್ತಿ ಜಪ್ತಿಗೂ ದಾರಿಯಾಗುತ್ತದೆ. ಅವರ ವಯಸ್ಸಾದ ತಾಯಿ ಪಟ್ಟ ಪಾಡು ನೋಡಲಾಗುತ್ತಿರಲಿಲ್ಲ.

ಬೆಂಗಳೂರಿನಿಂದ: ಆರೋಪಿ ಇಲ್ಲದೆಯೇ ತೀರ್ಪು ಕೊಟ್ಟುಬಿಡುತ್ತಾರೆ ಅಂತ ಹೆದರಿಸುವವರಿದ್ದಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಹೊಸ ಕ್ರಿಮಿನಲ್ ಪ್ರಕ್ರಿಯಾ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 356ನೇ ಕಲಂನಲ್ಲಿ ಅದು ಇರುವುದು 10 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧ ಮಾಡಿ ತಲೆಮರೆಸಿಕೊಂಡವರಿಗೆ. ಚೆಕ್ ಕೇಸಿಗೆ ಗರಿಷ್ಠ 2 ವರ್ಷ. ಇನ್ನೊಂದು ಮಾತು: ಆರೋಪಿ ಸಿಗದಿದ್ದರೆ ಮೊದಲು ಮನೆಯ ವಯಸ್ಕ ಗಂಡಸಿನ ಕೈಗೆ ಮಾತ್ರ ಸಮನ್ಸ್ ಕೊಡಬಹುದಿತ್ತು. ಈಗ ಹೆಂಗಸರ ಕೈಗೂ ಕೊಡಬಹುದು. ಅಮ್ಮನೋ ತಮ್ಮನ ಹೆಂಡತಿಯೋ ಯಾವುದಕ್ಕಾದರೂ ಸಹಿ ಹಾಕಿದ್ದಾರಾ, ವಕೀಲರ ಹತ್ತಿರ ಹೋಗುವ ಮುಂಚೆಯೇ ಕೇಳಿಕೊಳ್ಳಿ.