ಚೋಕ್ ತೆಗೆದ ಕೂಡಲೇ ನಿಲ್ಲುವ ಬೈಕ್: ಮೊದಲು ಏನು ನೋಡಬೇಕು

ಮಳೆಗಾಲವಿಡೀ ಕೊಟ್ಟಿಗೆಯಲ್ಲಿ ನಿಂತಿದ್ದ ಹಳೆಯ ನೂರು ಸಿಸಿ ಬೈಕು ಚೋಕ್ ಹಾಕಿದರೆ ಮಾತ್ರ ಸ್ಟಾರ್ಟ್ ಆಗುತ್ತದೆ, ತೆಗೆದರೆ ನಿಲ್ಲುತ್ತದೆ, ಇಂಜಿನ್ ಬಿಚ್ಚಿಸಬೇಕಾ ಅಂತ ಶಿರಸಿಯವರೊಬ್ಬರು ಕೇಳಿದ್ದಾರೆ.

ಈಗಲೇ ಬಿಚ್ಚಿಸಬೇಡಿ ಮಾರಾಯ್ರೆ. ಇದು ಪೈಲಟ್ ಜೆಟ್, ಅಂದರೆ ಇಂಜಿನ್‌ಗೆ ಪೆಟ್ರೋಲ್ ಮತ್ತು ಗಾಳಿ ಬೆರೆಸಿ ಕೊಡುವ ಕಾರ್ಬೋರೇಟರ್ ಒಳಗಿನ ಸಣ್ಣ ತೂತಿನ ಹಿತ್ತಾಳೆ ತುಂಡು, ಕಟ್ಟಿಕೊಂಡ ಲಕ್ಷಣ. ಐಡ್ಲಿಂಗ್‌ನಲ್ಲಿ (ಎಕ್ಸಲರೇಟರ್ ತಿರುಗಿಸದೆ ಇಂಜಿನ್ ಓಡುವಾಗ) ಪೆಟ್ರೋಲ್ ಬರುವುದು ಆ ಸಣ್ಣ ತೂತಿನಿಂದಲೇ. ಚೋಕ್ ಹಾಕಿದಾಗ ಗಾಳಿ ಕಡಿಮೆಯಾಗಿ ಪೆಟ್ರೋಲ್ ಜಾಸ್ತಿ ಎಳೆಯುತ್ತದೆ, ಅದಕ್ಕೇ ಹೇಗೋ ಓಡುತ್ತದೆ.

ಆದರೂ ಮೊದಲು ಪ್ಲಗ್ ನೋಡಿ. ಕಿಕ್ ಹೊಡೆದ ಮೇಲೂ ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೊಪ್ಪೆಯಾಗಿದ್ದರೆ ಕಿಡಿ ಸಾಲದು, ಇಲ್ಲವೇ ಓವರ್‌ಫ್ಲೋ. ಕಾರವಾರದಲ್ಲಿ ಸಮುದ್ರದ ಹತ್ತಿರ ಗಾಡಿ ಇಡುವವರು ಪ್ಲಗ್ ಕ್ಯಾಪ್ ಒಳಗೂ ನೋಡಲೇಬೇಕು. ಉಪ್ಪುಗಾಳಿಗೆ ಅಲ್ಲಿ ಕಿಲುಬು ಹಿಡಿಯುತ್ತದೆ.

ಆಮೇಲೆ ಕಾರ್ಬೋರೇಟರ್ ಬಟ್ಟಲಿನ ಡ್ರೇನ್ ಸ್ಕ್ರೂ ಸಡಿಲಿಸಿ, ಬಂದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿಯಿರಿ. ಇಂಜಿನ್ ತಣ್ಣಗಿರಲಿ, ಹತ್ತಿರ ಬೆಂಕಿ ಬೇಡ. ಸ್ವಲ್ಪ ಹೊತ್ತು ಬಿಟ್ಟರೆ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದಲ್ವಾ, ಅದು ತೇವ ಹೀರುತ್ತದೆ. ನಮ್ಮ ಮಳೆಗೆ ಕೇಳಬೇಕಾ! ಕೆಂಪು ಪುಡಿ ಬಂದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ. ಅದನ್ನು ತೊಳೆಯದೆ ಜೆಟ್ ಮಾತ್ರ ತೊಳೆದರೆ ವಾರದಲ್ಲಿ ಮತ್ತದೇ ಕತೆ.

ಜೆಟ್ ಬಿಚ್ಚಿ ಬೆಳಕಿಗೆ ಹಿಡಿಯಿರಿ. ಸೂಜಿಮೊನೆಯಷ್ಟು ದುಂಡಗಿನ ಬೆಳಕು ಕಾಣಬೇಕು. ತಂತಿ, ಪಿನ್ನು ಹಾಕಲೇಬೇಡಿ. ಅದು ಹಿತ್ತಾಳೆ, ತೂತು ದೊಡ್ಡದಾದರೆ ಜೆಟ್ಟೇ ಹಾಳು. ಕಾರ್ಬ್ ಕ್ಲೀನರ್ ಹೊಡೆದು, ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿ ಬಿಟ್ಟರೆ ಸಾಕು.

ಕೊನೆಗೆ ಟ್ಯೂನಿಂಗ್. ಇಂಜಿನ್ ಬಿಸಿಯಾದ ಮೇಲೆ ಕಾರ್ಬೋರೇಟರಿನ ಏರ್ ಸ್ಕ್ರೂವನ್ನು (ಗಾಳಿಯ ಪ್ರಮಾಣ ಹೊಂದಿಸುವ ಸ್ಕ್ರೂ) ನಿಧಾನ ತಿರುಗಿಸುತ್ತ, ಇಂಜಿನ್ ಅತಿ ಚುರುಕಾಗಿ ಓಡುವಲ್ಲಿ ನಿಲ್ಲಿಸಿ. ಐಡ್ಲಿಂಗ್ ಸುಮಾರು 1,400 ಆರ್‌ಪಿಎಂ ಇರಲಿ. ಆದರೂ ಏರಿಳಿತ ನಿಲ್ಲದಿದ್ದರೆ ಕಾರ್ಬೋರೇಟರ್ ಮತ್ತು ಇಂಜಿನ್ ನಡುವಿನ ಜೋಡಣೆಯಲ್ಲಿ ಗಾಳಿ ಎಳೆಯುತ್ತಿರಬಹುದು. ಕುಮಟಾದ ಗೆಳೆಯರೊಬ್ಬರ ಗಾಡಿ ಸ್ವಲ್ಪ ದೂರ ಓಡಿ ನಿಲ್ಲುತ್ತಿತ್ತು. ನೋಡಿದರೆ ಟ್ಯಾಂಕ್ ಮುಚ್ಚಳದ ಗಾಳಿ ತೂತಿಗೆ ಮಣ್ಣು ಮೆತ್ತಿ ಪೆಟ್ರೋಲ್ ಇಳಿಯುತ್ತಿರಲಿಲ್ಲ, ಅಷ್ಟೇ.

ನೀವೇ ಮಾಡುವುದು ಕಷ್ಟ ಅನಿಸಿದರೆ ಹಳೆಯ ಮೆಕ್ಯಾನಿಕ್ ಹತ್ತಿರವೇ ಹೋಗಿ. 2020ರಲ್ಲಿ ಬಿಎಸ್ 6 ಎಂಬ ಹೊಗೆ ನಿಯಮ ಬಂದ ಮೇಲೆ ಹೊಸ ಗಾಡಿಗಳಲ್ಲಿ ಹೆಚ್ಚಿನವು ಕಾರ್ಬೋರೇಟರ್ ಬದಲು ಇಂಜೆಕ್ಷನ್‌ನವು, ಕಾರ್ಬೋರೇಟರ್ ಕೈಹಿಡಿತ ಹಳಬರಿಗೇ ಜಾಸ್ತಿ. ಮುಂದಿನ ಮಳೆಗಾಲಕ್ಕೆ ಗಾಡಿ ನಿಲ್ಲಿಸುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ ಬಟ್ಟಲು ಖಾಲಿ ಮಾಡಿಡಿ. ಬಾಟಲಿಯಲ್ಲಿ ಏನು ಕಂಡಿತು ಅಂತ ತಿಳಿಸಿ, ಮುಂದಿನದು ನೋಡೋಣ.